ಹುಟ್ಟಿನಿಂದ ಬಂದ ರಿಕೆಟ್ಸ್‌ಗೆ ಪ್ರತಿ ಸಲವೂ ಎಕ್ಸ್‌ರೇ ಬೇಕಾ?

ಸಕಲೇಶಪುರದಿಂದ ಮಗಳನ್ನು ಹಾಸನಕ್ಕೆ ಕರೆತಂದಾಗಲೆಲ್ಲ ಎಕ್ಸ್‌ರೇ ತೆಗೆಸಲೇಬೇಕಾ ಅಂತ ಕೇಳಿದ್ದೀರಿ. ಬೇಕಿಲ್ಲ.

ಎಕ್ಸ್‌ರೇ ತೆಗೆಯೋದೇ ನನ್ನ ಕೆಲಸ, ಹಾಗಾಗಿ ಫಿಲ್ಮಿನಲ್ಲಿ ಕಾಣೋದನ್ನು ಹೇಳುತ್ತೇನೆ. ನಿಮ್ಮ ಮಗಳಿಗಿರುವ ಎಕ್ಸ್‌ಎಲ್‌ಎಚ್‌ನಲ್ಲಿ (ವಂಶವಾಹಿಯ ದೋಷದಿಂದ ಮೂಳೆ ಮೆತ್ತಗಾಗುವ ರಿಕೆಟ್ಸ್) ಮೂಳೆ ಗಟ್ಟಿಯಾಗಲು ಬೇಕಾದ ಫಾಸ್ಫೇಟ್ ಮೂತ್ರದಲ್ಲಿ ಸೋರಿಹೋಗುತ್ತದೆ. ಬಿಸಿಲು, ಹಾಲು ಜಾಸ್ತಿ ಮಾಡಿದರೆ ಸರಿಹೋಗಲ್ಲ. ನಾವು ನೋಡೋದು ಮಂಡಿ ಮತ್ತು ಮಣಿಕಟ್ಟು, ಯಾಕಂದ್ರೆ ಅಲ್ಲಿ ಮೂಳೆ ಬೇಗ ಬೆಳೆಯುತ್ತದೆ. ಮೂಳೆಯ ತುದಿ ಬಟ್ಟಲಿನ ಹಾಗೆ ಗುಳಿಬಿದ್ದು, ಅಂಚು ಹಳೇ ಸೆರಗಿನಂತೆ ನೂಲುನೂಲಾಗಿ ಕಾಣುತ್ತದೆ. ಔಷಧಿ ಹಿಡಿದರೆ ಅದೇ ಅಂಚು ನಿಧಾನಕ್ಕೆ ಚೊಕ್ಕ ಗೆರೆಯಾಗುತ್ತದೆ. ರೋಗ ಎಷ್ಟಿದೆ ಅಂತ ಅಳೆಯೋಕೆ 10ರ ಅಂಕವೂ ಇದೆ: ಮಣಿಕಟ್ಟಿಗೆ 4, ಮಂಡಿಗೆ 6. ಇಲ್ಲಿ ಸೊನ್ನೆ ಬಂದವರೇ ಫಸ್ಟ್ ಕ್ಲಾಸ್!

ಪ್ರತಿ ಭೇಟಿಯಲ್ಲಿ ಎತ್ತರ, ಕಾಲಿನ ಬಾಗು, ರಕ್ತದ ಆಲ್ಕಲೈನ್ ಫಾಸ್ಫಟೇಸ್ (ರಿಕೆಟ್ಸ್ ಜೋರಾದಾಗ ಏರುವ ಕಿಣ್ವ) ನೋಡಿದರೆ ಸಾಮಾನ್ಯವಾಗಿ ಸಾಕು. ಬಾಗು ಹೆಚ್ಚಿದರೆ, ನೋವು ಬಂದರೆ, ಔಷಧಿ ಬದಲಿಸಿದರೆ ಎಕ್ಸ್‌ರೇ ಬೇಕಾಗುತ್ತದೆ. ವಿಕಿರಣದ ಭಯ ಬೇಡ. ಒಂದು ದಿನ ಸುಮ್ನೆ ಮನೆಯಲ್ಲಿದ್ದರೂ ಮಣಿಕಟ್ಟಿನ ಎಕ್ಸ್‌ರೇಗಿಂತ ಜಾಸ್ತಿ ತಾಗುತ್ತದೆ.

ಕಿಡ್ನಿಯ ಅಲ್ಟ್ರಾಸೌಂಡ್ ಮಾತ್ರ ತಪ್ಪಿಸಬೇಡಿ. ಫಾಸ್ಫೇಟ್, ವಿಟಮಿನ್ ಡಿ ಔಷಧಿಯಿಂದ ಅಲ್ಲಿ ಕ್ಯಾಲ್ಸಿಯಂ ಕೂರಬಹುದು. ಇನ್ನು, ಬರುವಾಗ ಹಳೇ ಫಿಲ್ಮ್‌ಗಳನ್ನು ತನ್ನಿ. ಮಡಚಬೇಡಿ, ಮಡಿಕೆಯೇ ಬಿರುಕಿನ ಹಾಗೆ ಕಾಣುತ್ತೆ.