ಹಳೇ ಫೋಟೋಗಳನ್ನು ಫ್ಲ್ಯಾಟಿನ ಗೋಡೆಗೆ ಎಷ್ಟು ಎತ್ತರಕ್ಕೆ, ಹೇಗೆ ಹಾಕುವುದು?

ಊರಿನ ಮನೆಯಿಂದ ಅಜ್ಜ-ಅಜ್ಜಿಯ ಫೋಟೋ, ರವಿವರ್ಮನ ಲಕ್ಷ್ಮಿ ಪಟ, ಜೊತೆಗೆ ಮಕ್ಕಳ ಒಂದಷ್ಟು ಫೋಟೋ ತಂದಿದ್ದೀರಿ, ಹೇಗೆ ಹಾಕಲಿ ಅಂತ ಕೇಳಿದ್ದೀರಿ. ಒಳ್ಳೆ ಕೆಲಸ, ಅಟ್ಟಕ್ಕೆ ಹಾಕಬೇಡಿ.

ಹಳೇ ಮನೆಗಳಲ್ಲಿ ಫೋಟೋಗಳು ತೊಲೆಯ ಕೆಳಗೆ, ಮುಂದಕ್ಕೆ ಬಾಗಿಕೊಂಡು ಇರುತ್ತಿದ್ದವು ಅಲ್ವಾ? ಕೆಳಗೆ ಚಾಪೆ ಮೇಲೆ ಕೂತವರಿಗೆ ಮುಖ ಕಾಣಲಿ, ಗಾಜು ಹೊಳೆಯದಿರಲಿ ಅಂತ. ಫ್ಲ್ಯಾಟಿನಲ್ಲಿ ಅದೇ ಎತ್ತರಕ್ಕೆ ನೇರವಾಗಿ ಹಾಕಿದರೆ ಅಜ್ಜನ ಮುಖದ ಮೇಲೆ ಟ್ಯೂಬ್‌ಲೈಟ್ ಹೊಳೆಯುತ್ತದೆ. ಎಲ್ಲಿಂದ ನೋಡುತ್ತೀರೋ ಅದರ ಮೇಲೆ ಎತ್ತರ ನಿಂತಿದೆ. ಓಡಾಡುವ ಜಾಗದಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು 57 ಇಂಚು ಇರಲಿ. ಕೂತು ನೋಡುವ ಗೋಡೆಯಾದರೆ ಮೂರ್ನಾಲ್ಕು ಇಂಚು ಇಳಿಸಿ. ಸೋಫಾ ಮೇಲ್ಗಡೆಯಾದರೆ ಅದರ ಬೆನ್ನಿನಿಂದ 6-8 ಇಂಚು ಬಿಡಿ, ತಲೆ ತಾಗಬಾರದು.

ಅಜ್ಜ-ಅಜ್ಜಿಯನ್ನು ಮಕ್ಕಳ ಫೋಟೋಗಳ ಗುಂಪಿಗೆ ಸೇರಿಸಬೇಡಿ. ಅವರಿಬ್ಬರಿಗೇ ಒಂದು ಗೋಡೆ ಕೊಡಿ. ಗಂಧದ ಹಾರ ಹಾಕುತ್ತೀರಾದರೆ ಅದು ಫೋಟೋದ ಕಟ್ಟಿಗಿಂತ (ಫ್ರೇಮಿಗಿಂತ) ಕೆಳಗೆ ಇಳಿಯುತ್ತದೆ, ಅಷ್ಟು ಜಾಗ ಈಗಲೇ ಬಿಟ್ಟಿರಿ. ಮಕ್ಕಳ ಫೋಟೋಗಳಿಗೆ ಅಳತೆಯಷ್ಟೇ ನ್ಯೂಸ್‌ಪೇಪರ್ ಕತ್ತರಿಸಿ ಗೋಡೆಗೆ ಟೇಪಿನಲ್ಲಿ ಅಂಟಿಸಿ ನೋಡಿ. ನಡುವೆ ಎರಡು-ಮೂರು ಇಂಚು ಸಾಕು. ಎರಡು ದಿನ ಹಾಗೇ ಇರಲಿ, ಮನೆಯವರೆಲ್ಲ ನೋಡಿ ಒಪ್ಪಿದ ಮೇಲೆ ಮೊಳೆ.

ಲಕ್ಷ್ಮಿ ಪಟವನ್ನು ಜೋಪಾನವಾಗಿ ನೋಡಿಕೊಳ್ಳಿ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಶುರು ಮಾಡಿದ ಪ್ರೆಸ್ಸಿನಿಂದ ಬಂದ ಇಂಥ ಪಟಗಳಿಗೆ ಎಷ್ಟೋ ಮನೆಗಳಲ್ಲಿ ಸೀರೆ, ಒಡವೆಯ ಜಾಗದಲ್ಲಿ ಜರಿ, ಚಮಕಿ ಅಂಟಿಸಿರುತ್ತಿದ್ದರು. ನಿಮ್ಮದರಲ್ಲೂ ಇದ್ದರೆ, ಹೊಸ ಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ಒತ್ತದಂತೆ ಸ್ವಲ್ಪ ಅಂತರ ಬಿಡಲು ಹೇಳಿ. ಬಿಸಿಲು ಬೀಳುವ ಗೋಡೆ ಬೇಡ, ಬಚ್ಚಲಿಗೆ ಅಂಟಿದ ಗೋಡೆಯಂತೂ ಬೇಡವೇ ಬೇಡ. ತೇವಕ್ಕೆ ಹಳೇ ಕಾಗದ ಬೂಷ್ಟು ಹಿಡಿಯುತ್ತದೆ.

ಕಾಂಕ್ರೀಟ್ ಗೋಡೆಗೆ ಸುಮ್ನೆ ಮೊಳೆ ಹೊಡೆದರೆ ಗಾರೆ ಚಕ್ಕೆ ಏಳುತ್ತದೆ. 6 ಎಂಎಂ ಬಿಟ್‌ನಲ್ಲಿ ಡ್ರಿಲ್ ಮಾಡಿ, ಪ್ಲಾಸ್ಟಿಕ್ ಪ್ಲಗ್ ಕೂರಿಸಿ ಸ್ಕ್ರೂ ಹಾಕಿ. ಗಾಜಿನ ಕಟ್ಟು ಭಾರ ಜಾಸ್ತಿ, ಅಂಟಿಸುವ ಹುಕ್ಕು ನಂಬಬೇಡಿ. ದೊಡ್ಡದಕ್ಕೆ ಎರಡು ಸ್ಕ್ರೂ ಹಾಕಿದರೆ ಗುಡಿಸಿ ಒರೆಸುವಾಗ ಕೈ ತಾಗಿದರೂ ಸೊಟ್ಟ ಆಗುವುದಿಲ್ಲ. ಸ್ವಿಚ್ ಬೋರ್ಡಿನ ನೇರಕ್ಕೆ, ಮೇಲಾಗಲಿ ಕೆಳಗಾಗಲಿ ಪಕ್ಕಕ್ಕಾಗಲಿ, ಡ್ರಿಲ್ ಇಡಲೇಬೇಡಿ. ಒಳಗೆ ವೈರು ಹೋಗಿರುತ್ತದೆ.