ಗೋಡೆ ತುಂಬ ಸರ್ಟಿಫಿಕೇಟು ಇರುವ ಟ್ರೇನರ್‌ನನ್ನು ನಂಬಬಹುದೇ?

ಪ್ರಶ್ನೆ: ನಮ್ಮ ಎರಡು ವರ್ಷದ ಗಂಡು ನಾಯಿ ಇತ್ತೀಚೆಗೆ ಮನೆಗೆ ಬಂದವರನ್ನು ಕಂಡರೆ ಗುರ್ ಎನ್ನುತ್ತಿದೆ. ಇಬ್ಬರು ಟ್ರೇನರ್‌ಗಳನ್ನು ವಿಚಾರಿಸಿದೆವು. ಒಬ್ಬರಲ್ಲಿ ಗೋಡೆ ತುಂಬ ಸರ್ಟಿಫಿಕೇಟು, ನೂರಾರು ಫೈವ್ ಸ್ಟಾರ್ ರಿವ್ಯೂ. ‘21 ದಿನ ನಮ್ಮಲ್ಲಿ ಬಿಡಿ, ಸರಿಮಾಡಿ ಕೊಡುತ್ತೇವೆ, ಗ್ಯಾರಂಟಿ’ ಎಂದರು. ಇನ್ನೊಬ್ಬರಲ್ಲಿ ಇರುವುದು ಒಂದೇ ಸರ್ಟಿಫಿಕೇಟು, ಏಳೆಂಟು ರಿವ್ಯೂ. ‘ವಾರಕ್ಕೊಮ್ಮೆ ಮನೆಗೇ ಬರುತ್ತೇನೆ, ಎಷ್ಟು ದಿನ ಹಿಡಿಯುತ್ತದೋ ಈಗಲೇ ಹೇಳಲಾಗದು’ ಎಂದರು. ಯಾರನ್ನು ನಂಬುವುದು?

ಉತ್ತರ: ಇಬ್ಬರಿಗೂ ಮೊದಲು ಪಶುವೈದ್ಯರು. ಇದ್ದಕ್ಕಿದ್ದಂತೆ ಸ್ವಭಾವ ಬದಲಾದರೆ ಕಿವಿ, ಹಲ್ಲು ಅಥವಾ ಕೀಲಿನ ನೋವು ಕಾರಣವಾಗಿರಬಹುದು. ನೋವಿರುವ ನಾಯಿಗೆ ಯಾವ ತರಬೇತಿಯೂ ಹತ್ತುವುದಿಲ್ಲ. ‘ಡಾಕ್ಟರಿಗೆ ತೋರಿಸಿದ್ದೀರಾ, ಲಸಿಕೆ ಆಗಿದೆಯಾ’ ಎಂದು ಮೊದಲ ಮಾತಿನಲ್ಲೇ ಕೇಳಿದವರು ಇಬ್ಬರಲ್ಲಿ ಯಾರು, ನೆನಪಿಸಿಕೊಳ್ಳಿ.

ಇನ್ನು ಸರ್ಟಿಫಿಕೇಟು. ಹೆಚ್ಚಿನ ದೇಶಗಳಲ್ಲಿ ನಾಯಿ ಟ್ರೇನರ್ ಆಗಲು ಲೈಸೆನ್ಸೇ ಬೇಕಿಲ್ಲ. ನಾಳೆ ಬೆಳಿಗ್ಗೆ ಯಾರು ಬೇಕಾದರೂ ಬೋರ್ಡು ಹಾಕಬಹುದು. ಹಾಗಾಗಿ ಎಷ್ಟು ಕಾಗದ ಇವೆ ಎನ್ನುವುದಕ್ಕಿಂತ ಅವು ಯಾವ ಬಗೆಯವು ಎಂದು ನೋಡಬೇಕು. ವಾರಾಂತ್ಯದ ಶಿಬಿರಕ್ಕೆ ಹೋಗಿಬಂದರೆ ‘ಭಾಗವಹಿಸಿದ್ದಾರೆ’ ಎಂಬ ಕಾಗದ ಸಿಗುತ್ತದೆ. ಎಷ್ಟೋ ಸಂಘಗಳ ಸದಸ್ಯತ್ವ ಶುಲ್ಕ ಕಟ್ಟಿದವರಿಗೆಲ್ಲ ಸಿಗುತ್ತದೆ. ಸ್ಪರ್ಧೆಯಲ್ಲಿ ಗೆದ್ದ ಪದಕ ನಿಜವಾದ ಸಾಧನೆಯೇ, ಆದರೆ ಹೆದರಿ ಗುರುಗುಟ್ಟುವ ನಾಯಿಯನ್ನು ಸಂಭಾಳಿಸುವ ವಿದ್ಯೆ ಬೇರೆ. ತೂಕ ಇರುವುದು ತರಬೇತಿ ಕೊಟ್ಟವರೇ ಪಾಸು ಮಾಡದೆ, ಹೊರಗಿನ ಸಂಸ್ಥೆ ಪರೀಕ್ಷೆ ನಡೆಸಿ ಕೊಡುವ ಪ್ರಮಾಣಪತ್ರಕ್ಕೆ. ಉದಾಹರಣೆಗೆ ನಾಯಿ ಟ್ರೇನರ್‌ಗಳ ಜ್ಞಾನವನ್ನು ಪರೀಕ್ಷಿಸಿ ಕೊಡುವ ಸಿಪಿಡಿಟಿ-ಕೆಎ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ: ಪರೀಕ್ಷೆಗೆ ಕೂರಲು ಹಿಂದಿನ 3 ವರ್ಷಗಳಲ್ಲಿ ಕನಿಷ್ಠ 300 ಗಂಟೆ ತರಬೇತಿ ಕೊಟ್ಟ ಅನುಭವ ಬೇಕು, ಪ್ರತಿ 3 ವರ್ಷಕ್ಕೊಮ್ಮೆ ನವೀಕರಿಸಬೇಕು. ಇಂಥ ಸಂಸ್ಥೆಗಳ ವೆಬ್‌ಸೈಟಿನಲ್ಲಿ ಪ್ರಮಾಣಪತ್ರ ಪಡೆದವರ ಪಟ್ಟಿ ಇರುತ್ತದೆ. ಫ್ರೇಮ್ ಹಾಕಿದ್ದನ್ನು ನಂಬಿ ಕೂರದೆ ಅಲ್ಲಿ ಹೆಸರು ಹುಡುಕಿ. ಕಚ್ಚುವ ಹಂತ ತಲುಪಿದ ನಾಯಿಯಾದರೆ, ಪ್ರಾಣಿ ವರ್ತನೆಯಲ್ಲೇ ಪರಿಣತಿ ಪಡೆದ ಪಶುವೈದ್ಯರು ಸಿಗುವರೇ ನೋಡಿ. ಔಷಧಿ ಬರೆಯುವ ಅಧಿಕಾರ ಟ್ರೇನರ್‌ಗಿಲ್ಲ.

ರಿವ್ಯೂಗಳಲ್ಲಿ ಮೂರು ಸ್ಟಾರ್‌ನವನ್ನು ಮೊದಲು ಓದಿ. ಅಭಿಮಾನವೂ ಕೋಪವೂ ಕಡಿಮೆ ಇರುವುದು ಅಲ್ಲೇ. ಒಂದೇ ವಾರದಲ್ಲಿ ಇಪ್ಪತ್ತು ಹೊಗಳಿಕೆ ಬಂದಿದ್ದರೆ ಅನುಮಾನಪಡಿ. ‘ಮೂರೇ ದಿನಕ್ಕೆ ನಾಯಿ ತೆಪ್ಪಗಾಯಿತು’ ಎನ್ನುವ ಮಾತಂತೂ ಹೊಗಳಿಕೆಯೋ ದೂರೋ ಗೊತ್ತಾಗುವುದಿಲ್ಲ. ನಿಮ್ಮಂಥದ್ದೇ ಸಮಸ್ಯೆಯಿದ್ದು, ತರಬೇತಿ ಮುಗಿದು ಆರು ತಿಂಗಳಾದ ಇಬ್ಬರು ಗ್ರಾಹಕರ ನಂಬರ್ ಕೊಡಿಸಲು ಕೇಳಿ. ಹಳೆಯ ತೊಂದರೆ ಮರುಕಳಿಸಿತೇ, ಆಗ ಫೋನ್ ಎತ್ತಿದರೇ ಎಂಬೆರಡೇ ಪ್ರಶ್ನೆ ಸಾಕು.

ಇದೆಲ್ಲಕ್ಕಿಂತ ಹೆಚ್ಚು ತಿಳಿಯುವುದು ಒಂದು ಕ್ಲಾಸು ನೋಡಿದಾಗ. ನಿಮ್ಮ ನಾಯಿಯನ್ನು ಮನೆಯಲ್ಲೇ ಬಿಟ್ಟು ಹೋಗಿ. ನೋಡಲು ಬಿಡುವುದೇ ಇಲ್ಲ ಎಂದರೆ ಆ ಟ್ರೇನರ್‌ನನ್ನು ಪಟ್ಟಿಯಿಂದ ಹೊಡೆದುಹಾಕಿ. ಅಲ್ಲಿ ಟ್ರೇನರ್‌ನ ಮಾತಿಗಿಂತ ನಾಯಿಗಳನ್ನು ಗಮನಿಸಿ. ಬಾಲ ಸಡಿಲವಾಗಿದೆಯೋ, ಹೊಟ್ಟೆಯಡಿ ಸೇರಿದೆಯೋ? ಟ್ರೇನರ್ ಹತ್ತಿರ ಬಂದಾಗ ನಾಯಿ ತುಟಿ ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಗಣ್ಣಿನಿಂದ ನೋಡುವುದು ಒತ್ತಡದ ಲಕ್ಷಣ. ಒಮ್ಮೆ ಕಂಡರೆ ಏನೂ ಅಲ್ಲ. ಎಲ್ಲ ನಾಯಿಗಳಲ್ಲೂ ಮತ್ತೆ ಮತ್ತೆ ಕಂಡರೆ ಎದ್ದು ಬನ್ನಿ. ಲೀಶ್ ಹೆಚ್ಚಿನ ಹೊತ್ತು ಜೋತಾಡುತ್ತಿರಬೇಕು, ಬಿಗಿದಿರಬಾರದು. ಮೆಚ್ಚುಗೆಯ ಮಾತೋ, ‘ಸರಿ ಮಾಡಿದೆ, ತಿಂಡಿ ಬರುತ್ತದೆ’ ಎಂದು ಸೂಚಿಸುವ ಪುಟ್ಟ ಸಾಧನವಾದ ಕ್ಲಿಕ್ಕರ್‌ನ ಸದ್ದೋ ನಾಯಿ ಕೂತ ತಕ್ಷಣ, ಒಂದು ಸೆಕೆಂಡಿನೊಳಗೆ ಬರಬೇಕು. ತಡವಾದರೆ ಕೂತದ್ದಕ್ಕಲ್ಲ, ಮತ್ತೆ ಎದ್ದದ್ದಕ್ಕೆ ತಿಂಡಿ ಸಿಕ್ಕಿದಂತಾಗುತ್ತದೆ.

ಆಮೇಲೆ ಇಬ್ಬರನ್ನೂ ನೇರವಾಗಿ ಕೇಳಿ: ‘ನಾಯಿ ಹೇಳಿದ್ದು ಮಾಡದಿದ್ದರೆ ಏನು ಮಾಡುತ್ತೀರಿ?’ ಅದು ಹೆದರುವವರಿಂದ ದೂರ ಹೆಚ್ಚಿಸುತ್ತೇನೆ, ಪಾಠವನ್ನು ಸುಲಭ ಮಾಡುತ್ತೇನೆ, ಒಳ್ಳೆಯ ತಿಂಡಿ ಬಳಸುತ್ತೇನೆ ಎಂಬ ಉತ್ತರ ಬಂದರೆ ಸರಿ. ‘ಕರೆಕ್ಷನ್ ಕೊಡುತ್ತೇವೆ’, ಅಂದರೆ ಶಿಕ್ಷಿಸಿ ತಿದ್ದುತ್ತೇವೆ, ಎಂದರೆ ಯಾವ ಉಪಕರಣದಿಂದ ಎಂದು ಬಿಡಿಸಿ ಕೇಳಿ. ಕುತ್ತಿಗೆಗೆ ವಿದ್ಯುತ್ ಆಘಾತ ಕೊಡುವ ಶಾಕ್ ಕಾಲರ್‌ಗೆ ‘ಇ-ಕಾಲರ್’, ‘ಸ್ಟಿಮ್’ ಎಂಬ ನಯವಾದ ಹೆಸರುಗಳಿವೆ. ವೇಲ್ಸ್ 2010ರಲ್ಲೇ ಅದನ್ನು ನಿಷೇಧಿಸಿತು. ‘ನೀವೇ ಆಲ್ಫಾ (ಗುಂಪಿನ ಯಜಮಾನ) ಆಗಬೇಕು’ ಎನ್ನುವವರ ಜ್ಞಾನವೂ ಹಳತು. ಆ ಕಲ್ಪನೆ ಹುಟ್ಟಿದ್ದು ಕೂಡಿಹಾಕಿದ ತೋಳಗಳ ಅಧ್ಯಯನದಿಂದ, ಸಹಜವಾಗಿ ಬದುಕುವ ತೋಳಗಳನ್ನು ನೋಡಿ ಅಲ್ಲ.

ನಿಮ್ಮ ವಿಷಯದಲ್ಲಿ ಇದು ಬರೀ ದಯೆಯ ಪ್ರಶ್ನೆಯಲ್ಲ. ಗುರ್ ಎನ್ನುವುದು ‘ಹತ್ತಿರ ಬರಬೇಡ’ ಎಂಬ ಎಚ್ಚರಿಕೆ. ಏಟು, ಶಾಕ್, ಗದರಿಕೆಯಿಂದ ಸದ್ದು ನಿಲ್ಲುತ್ತದೆ, ಭಯ ಒಳಗೇ ಉಳಿಯುತ್ತದೆ. ಅಂಥ ನಾಯಿ ಮುನ್ಸೂಚನೆಯಿಲ್ಲದೆ ಕಚ್ಚುವ ಸಂಭವ ಹೆಚ್ಚು. 21 ದಿನಕ್ಕೆ ‘ಸರಿಯಾದ’ ನಾಯಿ ಮನೆಗೆ ಬಂದ ಮೇಲೆ ಕಚ್ಚುವುದೂ ಉಂಟು. ನಾಯಿಗೆ ಭಯ ಹುಟ್ಟುವುದು ನಿಮ್ಮ ಬಾಗಿಲಲ್ಲಿ, ನಿಮ್ಮ ಅತಿಥಿಗಳನ್ನು ಕಂಡು. ಪಾಠವೂ ಅಲ್ಲೇ ಆಗಬೇಕು, ನೀವೂ ಕಲಿಯಬೇಕು. ಗ್ಯಾರಂಟಿಯ ಮಾತಂತೂ ಬೇಡ. ಪ್ರತಿಷ್ಠಿತ ಪ್ರಮಾಣೀಕರಣ ಸಂಸ್ಥೆಗಳ ನೀತಿಸಂಹಿತೆಗಳೇ ಫಲಿತಾಂಶಕ್ಕೆ ಗ್ಯಾರಂಟಿ ಕೊಡಬಾರದು ಎನ್ನುತ್ತವೆ.

ನೀವು ಹೇಳಿದಷ್ಟರಲ್ಲಿ ಎರಡನೆಯವರ ಕಡೆಗೇ ನಮ್ಮ ಒಲವು. ಆದರೂ ಅವರ ಒಂದು ಸರ್ಟಿಫಿಕೇಟನ್ನು ಪರಿಶೀಲಿಸಿ, ಒಂದು ಕ್ಲಾಸು ನೋಡಿ, ಹತ್ತು ಕ್ಲಾಸಿನ ಹಣ ಮುಂಗಡ ಕೊಡದೆ ಮೊದಲ ಭೇಟಿಗಷ್ಟೇ ಒಪ್ಪಿಕೊಳ್ಳಿ. ಅಲ್ಲಿಯವರೆಗೆ ಯಾರಾದರೂ ಬಂದರೆ ಬಾಗಿಲು ತೆರೆಯುವ ಮುಂಚೆಯೇ ನಾಯಿಯನ್ನು ಬೇರೆ ಕೋಣೆಯಲ್ಲಿ ಅಗಿಯಲು ಏನಾದರೂ ಕೊಟ್ಟು ಬಿಡಿ, ಗುರ್ ಎಂದಿದ್ದಕ್ಕೆ ಬೈಯಬೇಡಿ.