ಇಬಿ-1ಎ: ಆಟಗಾರರಾಗಿ ಹೆಸರಿದ್ದು, ಕೋಚ್ ಆಗಿ ಹೋಗುವುದಾದರೆ

ನಮಸ್ಕಾರ. ರಾಷ್ಟ್ರಮಟ್ಟದ ಬ್ಯಾಡ್ಮಿಂಟನ್ ಪದಕಗಳು, ಕನ್ನಡ ಪತ್ರಿಕೆಗಳ ತುಣುಕುಗಳು ಇವೆ, ಅಮೆರಿಕದಲ್ಲಿ ಕೋಚ್ ಆಗಿ ನೆಲೆಸಲು ಇಬಿ-1ಎ (ಅಸಾಧಾರಣ ಸಾಮರ್ಥ್ಯ ಇರುವವರಿಗೆ ಮೀಸಲಾದ ಗ್ರೀನ್ ಕಾರ್ಡ್ ವರ್ಗ) ಅರ್ಜಿಗೆ ಇಷ್ಟು ಸಾಕೇ ಎಂದು ಕೇಳಿದ್ದೀರಿ.

ಒಲಿಂಪಿಕ್ ಪದಕದಂಥ ದೊಡ್ಡ ಪ್ರಶಸ್ತಿ ಇಲ್ಲದವರು 10 ಮಾನದಂಡಗಳಲ್ಲಿ ಕನಿಷ್ಠ 3 ಪೂರೈಸಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ಆಮೇಲೆ ಅಧಿಕಾರಿ ಎಲ್ಲವನ್ನೂ ಒಟ್ಟಿಗೆ ತೂಗಿ, ನೀವು ಆ ಕ್ಷೇತ್ರದ ತುತ್ತತುದಿಯಲ್ಲಿರುವ ಕೆಲವರಲ್ಲಿ ಒಬ್ಬರೇ ಎಂದು ನೋಡುತ್ತಾರೆ.

ನನಗೆ ಆತಂಕ ಇರುವುದು ‘ಕೋಚ್’ ಎಂಬಲ್ಲಿ. ಆಡುವ ಸಾಮರ್ಥ್ಯ ಬೇರೆ, ಕಲಿಸುವ ಸಾಮರ್ಥ್ಯ ಬೇರೆ. ಬೇಸ್‌ಬಾಲ್ ಆಟಗಾರರೊಬ್ಬರು ಕೋಚ್ ಆಗಲು ಹಾಕಿದ್ದ ಅರ್ಜಿಯ ತಿರಸ್ಕಾರವನ್ನು 2002ರಲ್ಲಿ ಇಲಿನಾಯ್‌ನ ಫೆಡರಲ್ ಕೋರ್ಟ್ ಇದೇ ಕಾರಣಕ್ಕೆ ಎತ್ತಿಹಿಡಿಯಿತು. ಹಾಗಾಗಿ ನಿಮ್ಮ ಶಿಷ್ಯರು ರಾಷ್ಟ್ರಮಟ್ಟದಲ್ಲಿ ಗೆದ್ದಿದ್ದರೆ ಆ ದಾಖಲೆಗಳನ್ನೇ ಮುಂದಿಡಿ.

ಪದಕದ ಫೋಟೊ ಮಾತ್ರ ಕಳಿಸಬೇಡಿ. ಎಷ್ಟು ರಾಜ್ಯಗಳಿಂದ ಎಷ್ಟು ಜನ ಆಡಿದ್ದರು, ಆಯ್ಕೆ ಹೇಗಿತ್ತು ಎಂಬುದಕ್ಕೆ ಡ್ರಾ ಪಟ್ಟಿಯ (ಯಾರ ವಿರುದ್ಧ ಯಾರು ಆಡಬೇಕೆಂಬ ಪಟ್ಟಿ) ಪ್ರತಿ ಬೇಕು. ಪತ್ರಿಕಾ ಲೇಖನದಲ್ಲಿ ಶೀರ್ಷಿಕೆ, ತಾರೀಖು, ಬರೆದವರ ಹೆಸರು ಕಾಣಬೇಕು. ಜೊತೆಗೆ ಅನುವಾದಕರು ಸಹಿ ಹಾಕಿ ದೃಢೀಕರಿಸಿದ ಪೂರ್ಣ ಇಂಗ್ಲಿಷ್ ಅನುವಾದ. ನನ್ನ ಅಣ್ಣನ ಕಡತ ಜೋಡಿಸುವಾಗ ಒಂದು ತುಣುಕಿನಲ್ಲಿ ತಾರೀಖಿದ್ದ ಮೂಲೆಯೇ ಕತ್ತರಿಸಿಹೋಗಿತ್ತು. ಅಮ್ಮ ಪ್ರೀತಿಯಿಂದ ಆಲ್ಬಮ್ಮಿಗೆ ಅಂಟಿಸಿದ್ದು. ಗ್ರಂಥಾಲಯದಲ್ಲಿ ಹಳೆ ಸಂಚಿಕೆ ಹುಡುಕಲು ಮೂರು ದಿನ ಹಿಡಿಯಿತು. ನಿಮ್ಮ ತುಣುಕುಗಳನ್ನು ಇವತ್ತೇ ತೆಗೆದು ನೋಡಿ.